ಮೂರೆಲೆ ಗಿಡದ ಪಾಲು

ಬಸವಕಲ್ಯಾಣ
೧೮ ಆಗಸ್ಟ್ ೨೦೨೫

ಪ್ರೀತಿಯ ಮೀನಾಜ್ ಆಪಾಗೆ ನಿನ್ನ ತಂಗಿಯ ಸಲಾಮ್.

ಮೂರು ವರ್ಷ ಮಾತು ಬಿಟ್ಟವಳು ಈಗ ಪತ್ರ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ಸುಳ್ಳು ಹೇಳಿಬಿಡುತ್ತೇನೆ. ನನ್ನ ಗುಣ ನಿನಗೆ ಗೊತ್ತು.

ಅಮ್ಮಿ ಬಿಟ್ಟುಹೋದ ಆ ನೇರಳೆ ಬಣ್ಣದ ಮೂರೆಲೆ ಗಿಡ, ನರ್ಸರಿಯವರು ಆಕ್ಸಾಲಿಸ್ ಎನ್ನುವುದು, ಹೋದ ತಿಂಗಳು ಬುಡಸಮೇತ ಕಿತ್ತುಹೋಯಿತು. ಕಿತ್ತವಳು ಸರುಬಾಯಿ, ಕೊಹಿನೂರ ಹಳ್ಳಿಯಿಂದ ನಮ್ಮ ಅಂಗಳದ ಕಸ-ಕಳೆ ತೆಗೆಯಲು ಬರುವವಳು. ಕಿಟಕಿಯ ಕುಂಡಕ್ಕೆ ನಾಲ್ಕು ಹನಿ ಮಳೆ ಬೀಳಲೆಂದು ಹೊರಗಿಟ್ಟು ನಾನು ಒಳಗೆ ರೊಟ್ಟಿ ಮಾಡುತ್ತಿದ್ದೆ. ಬಂದು ನೋಡಿದರೆ ಗಿಡವಿಲ್ಲ, ಮಣ್ಣನ್ನು ಚೆಂದಾಗಿ ಸಮ ಮಾಡಿದ್ದಳು. ಬಾಯಿಗೆ ಬಂದಂತೆ ಬೈದೆ. ಅವಳು ಅಳಲೂ ಇಲ್ಲ, ವಾದಿಸಲೂ ಇಲ್ಲ.

“ಹೊಲದಾಗ ಮೂವತ್ತು ವರ್ಷ ಇಂಥ ಮೂರೆಲಿ ಕಸಾನ ಕಿತ್ತೀನ್ರಿ, ಕಂಡ್ರ ಕೈ ನಿಲ್ಲಂಗಿಲ್ಲ. ಆದ್ರ ಇದು ಸಾಯೋ ಜಾತಿ ಅಲ್ರಿ. ಒಂದು ಗಡ್ಡಿ ಉಳಿದ್ರ ಸಾಕು, ಮತ್ತ ಬರ್ತದ” ಅಂದಳು.

ಆಮೇಲೆ ಕಿತ್ತದ್ದನ್ನು ಎಸೆದಿದ್ದ ತಿಪ್ಪೆಯ ಮುಂದೆ ಕೂತಳು ನೋಡು. ಹಿಪ್ಪಲಿಯಂಥ ಸಣ್ಣ ಗಡ್ಡೆಗಳನ್ನು ಬೆರಳಾಡಿಸಿಯೇ ಗುರುತಿಸಿ ಸೆರಗಿಗೆ ಹಾಕಿಕೊಂಡಳು. ಮುರಿದ ತುಂಡನ್ನೂ ಬಿಡಲಿಲ್ಲ. ಕೆಲವನ್ನು ಕುಂಡದಲ್ಲಿ, ಉಳಿದವನ್ನು ಪೇರಲ ಗಿಡದ ನೆರಳಿನಲ್ಲಿ ಹೂತಳು. ನಾನು ತಂಬಿಗೆ ನೀರು ಸುರಿಯಹೋದರೆ ತಡೆದಳು, ಗಡ್ಡೆ ಕೊಳೆಯುತ್ತದಂತೆ. ಮೂರೇ ವಾರಕ್ಕೆ ಒಳಗೂ ಹೊರಗೂ ಎಲೆ ಬಂದಿವೆ, ಸಂಜೆಯಾದರೆ ಮೊದಲಿನಂತೆಯೇ ಮಡಚಿಕೊಳ್ಳುತ್ತವೆ. ಅವಳ ಕೈಗುಣಕ್ಕೆ ನಾನು ಸೋತೆ, ಆಪಾ. ಬೈದದ್ದಕ್ಕೆ ಮಾಫಿ ಕೇಳಿದೆ.

ಮೂರು ವರ್ಷದ ಹಿಂದೆ ನೀನು ಪಾಲು ಕೇಳಿದಾಗ, ಗಿಡ ಬೇರ್ಪಡಿಸಿದರೆ ಸಾಯುತ್ತದೆ ಎಂದು ಹೇಳಿದ್ದೆನಲ್ಲ, ಅದು ಸುಳ್ಳು. ಕೊಡಲು ಮನಸ್ಸಿರಲಿಲ್ಲ, ಅಷ್ಟೇ. ನಾಳೆ ಇವರು ಹುಮನಾಬಾದಿಗೆ ಬರುತ್ತಾರೆ. ಅರ್ಧ ಗಿಡ ಬೇರುಸಮೇತ ಒದ್ದೆ ಬಟ್ಟೆಯಲ್ಲಿ ಕಳಿಸುತ್ತಿದ್ದೇನೆ. ಬೆಳಗಿನ ಬಿಸಿಲು ಬರುವ ಕಿಟಕಿಯಲ್ಲಿಡು. ಬೇಸಿಗೆಯಲ್ಲಿ ಎಲೆ ಒಣಗಿದರೆ ಸತ್ತಿತೆಂದು ಎಸೆಯಬೇಡ, ನೀರು ನಿಲ್ಲಿಸಿ ಸುಮ್ಮನೆ ಬಿಡು.

ನಿನ್ನ
ಗಜಾಲಾ

ತಾ.ಕ.: ಮೊದಲು ಬಡಕಲು ಗಿಡಗಳನ್ನೇ ಆರಿಸಿ ನಿನಗೆ ಕಟ್ಟಿಟ್ಟಿದ್ದೆ. ಸರುಬಾಯಿ ಗಂಟು ಬಿಚ್ಚಿ, ಒಳ್ಳೆಯವನ್ನು ಹಾಕಿ ಮತ್ತೆ ಕಟ್ಟಿದಳು. ತನ್ನ ಕೊನೆಯ ವಾರದಲ್ಲಿ ಅಮ್ಮಿ ನನ್ನ ಕೈ ಹಿಡಿದು, ಗಿಡದ ಅರ್ಧ ಮೀನಾಜಳಿಗೆ ಕೊಡು ಅಂದಿದ್ದಳು. ಅದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ.