ಸ್ಪೀಕರಿನಲ್ಲಿ ಸಿಕ್ಕ ಮೆಣಸಿನ ಬೀಜ

ರಾಣೆಬೆನ್ನೂರು
೨೩-೨-೧೯೪೩

ಚಿ. ಸೌ. ಪದ್ಮಾಬಾಯಿಗೆ ನಿನ್ನ ಅಣ್ಣ ಗುರುರಾಜ ಮಾಡುವ ಆಶೀರ್ವಾದಗಳು.

ಅವ್ವನ ಮೊಣಕಾಲು ನೋವೊಂದು ಬಿಟ್ಟರೆ ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ. ರೇಡಿಯೋ ತಡವಾಯಿತೆಂದು ನಿನ್ನ ಯಜಮಾನರು ಸಿಡಿಮಿಡಿಗೊಂಡಿರಬೇಕು, ಕ್ಷಮಿಸಲಿ. ಯುದ್ಧ ಶುರುವಾದ ಮೇಲೆ ಮುಂಬಯಿಯಿಂದ ಹೊಸ ಸ್ಪೀಕರು ಬರುವುದೇ ನಿಂತಿದೆ. ಕೊನೆಗೆ ಕೆಟ್ಟುಬಿದ್ದ ಸೆಟ್ಟೊಂದರ ಸ್ಪೀಕರು ಬಿಚ್ಚಿ, ಹಲಗೆಗೆ ಬೇರೆ ತೂತು ಕೊರೆದು ಕೂರಿಸಿದ್ದೇನೆ. ದನಿ ನೆಗಡಿಯಾದವರ ಹಾಗೆ ಬರುತ್ತದೆ, ಸುದ್ದಿ ಕೇಳಲು ಅಡ್ಡಿಯಿಲ್ಲ.

ಇನ್ನು ಮುಂದಿನದನ್ನು ಓದಿ ಒಲೆಗೆ ಹಾಕು.

ನಿಮ್ಮ ರೇಡಿಯೋದ ಹರಿದ ಸ್ಪೀಕರನ್ನು ತೆಗೆದದ್ದು ನಿನ್ನೆ ಮುಂಜಾನೆ. ನಮ್ಮೂರ ಪೋಲೀಸ್ ಫೌಜದಾರರು ಎಂದಿನಂತೆ ಚಹಾ ಕುಡಿಯುತ್ತ ಅಂಗಡಿಯಲ್ಲೇ ಕುಳಿತಿದ್ದರು. ರೇಡಿಯೋ ಹಾವೇರಿಯ ತಂಗಿಯ ಮನೆಯದು ಎಂದು ಮೊದಲೇ ಹೇಳಿಟ್ಟಿದ್ದೆ. ಸ್ಪೀಕರು ಎತ್ತಿದ್ದೇ ತಡ, ಕೆಂಪು ಧೂಳೆದ್ದು ಇಬ್ಬರೂ ಸೀನತೊಡಗಿದೆವು. ಒಳಗಿನಿಂದ ಒಂದು ಹಿಡಿ ಮೆಣಸಿನ ಬೀಜ ಮೇಜಿನ ಮೇಲೆ ಸುರಿಯಿತು. ನಾನೊಬ್ಬ ಮೂರ್ಖ, ನಕ್ಕೆ.

ಅವರು ನಗಲಿಲ್ಲ. “ಗುರುರಾಜರ, ಇದು ಬ್ಯಾಡಗಿ ಕಾಯಿ ಘಾಟು. ರೇಡಿಯೋ ಹಾವೇರಿದು ಅಂದಿದ್ರಲ್ಲ?”

“ಇಲಿ ಬರಬಾರದಂತ ಮನ್ಯಾಗ ಕಾಯಿ ಇಟ್ಟಿರಬೇಕ್ರಿ ಸಾಹೇಬ್ರ,” ಎಂದೆ.

“ನಾಕು ಕಾಯಿ ಇಟ್ರ ಇಷ್ಟು ಬೀಜ ಬೀಳತಾವೇನ್ರಿ? ಇದು ವಖಾರ್‍ಯಾಗ, ಕಾಯಿ ತುಂಬಿದ ಚೀಲದ ನಡುವ ಕುಂತ ರೇಡಿಯೋ. ಚಳವಳ್ಯಾಗ ರೈಲು ಸ್ಟೇಶನ್ನಿಗೆ ಬೆಂಕಿ ಹಚ್ಚಿದಾಗಿಂದ ನಿಮ್ಮ ತಂಗಿ ಗಂಡನ್ನ ಹುಡಕಾಕತ್ತೇವಿ. ನಿಮಗ ಗೊತ್ತೈತಿ.”

ಬೀಜಗಳನ್ನು ಆರಿಸಿ, ಕಾಗದದಲ್ಲಿ ಕಟ್ಟಿ ಕಿಸೆಗೆ ಹಾಕಿಕೊಂಡರು. ಚಹಾ ಪೂರ್ತಿ ಕುಡಿದೇ ಎದ್ದರು.

ಇವತ್ತು ಅವರು ಚಹಾಕ್ಕೆ ಬಂದಿಲ್ಲ. ಎದುರಿನ ಕಟ್ಟೆಯ ಮೇಲೆ ಪೋಲೀಸನೊಬ್ಬ ಕುಳಿತಿದ್ದಾನೆ. ನಾನು ಹೊಸ್ತಿಲು ದಾಟಿದರೆ ಅವನೂ ಏಳುತ್ತಾನೆ. ಚಕ್ಕಡಿ ಹೊಡೆಯುವ ಕಾಸೀಮಸಾಬರು ಬಂದು, “ಠಾಣ್ಯಾಗ ಎಲ್ಲಾರೂ ಬಂದೂಕು ಒರಸಾಕತ್ತಾರ್‍ರಿ. ಯಾವ ಕಡೆ ಹೊಂಟಾರೋ ಏನೋ,” ಎಂದರು. ಅವರ ಕೈಯಲ್ಲೇ ಮಧ್ಯಾಹ್ನದ ರೈಲಿಗೆ ರೇಡಿಯೋ ಜೊತೆ ಈ ಕಾಗದ ಕಳಿಸುತ್ತಿದ್ದೇನೆ. ರೇಡಿಯೋ ಬರೀ ನೆಪ.

ವಿರೂಪಾಕ್ಷಪ್ಪನವರ ಮೆಣಸಿನಕಾಯಿ ವಖಾರಿಯ ಆ ಹಿಂದಿನ ಕೋಣೆಯನ್ನು ಇವತ್ತೇ ಬಿಡಿ. ನಿನ್ನ ಯಜಮಾನ ಅಣ್ಣಾಜಿ ಹಟ ಮಾಡಿದರೆ ನನ್ನಾಣೆ ಹಾಕು. ಕಾಗಿನೆಲೆಗೆ ಹೋಗುವ ಜನರ ನಡುವೆ ಸೇರಿಕೊಳ್ಳಿ. ಬ್ಯಾಡಗಿಯಲ್ಲಿ ವಖಾರಿಗಳು ನೂರಾರು ಇವೆ, ಒಂದೊಂದೇ ತೆಗೆಸಿ ನೋಡಲು ಪೋಲೀಸರಿಗೆ ದಿನಗಳೇ ಬೇಕು. ಧೈರ್ಯಗೆಡಬೇಡ. ನಾನು ಮಾತ್ರ ನಿನ್ನೆಯಿಂದ ಅಂಗಡಿಯ ಬಾಗಿಲನ್ನೇ ನೋಡುತ್ತ ಕುಳಿತಿದ್ದೇನೆ.

ನಿನ್ನ ಕುಂಕುಮವನ್ನು ದೇವರು ಕಾಯಲಿ.

ನಿನ್ನ ಅಣ್ಣ
ಗುರುರಾಜ

ತಾ. ಕ.: ವಖಾರಿಗಳು ನೂರಾರು ಎಂದು ಬರೆದೆನಲ್ಲ, ಅದನ್ನು ನಂಬಿ ಕೂರಬೇಡ. ನಿನ್ನೆ ಫೌಜದಾರರು ಬಾಗಿಲ ತನಕ ಹೋದವರು ತಿರುಗಿ ನಿಂತು, “ಯಾರ ವಖಾರಿರಿ?” ಎಂದು ಕೇಳಿದರು. ನಾನು ಹೇಳಿದೆ. ಹೊಡೆಯಲಿಲ್ಲ ಪದ್ಮಾ, ಬೆದರಿಸಲೂ ಇಲ್ಲ. ಒಂದೇ ಸಲ ಕೇಳಿದರು.