ಮೊಣಕಾಲಿಗೆ ಅಂಟಿಸಿದ ಹಾಳೆ

ಅಕ್ಕನಿಗೆ ತಮ್ಮನ ಅಡ್ಡಬಿದ್ದ ನಮಸ್ಕಾರ.

ನಿನ್ನ ಮಗಳ ಪ್ರಯೋಗಾಲಯದಲ್ಲಿ ಈಗ ನನ್ನದೇ ದರ್ಬಾರು. ಬಳುಕುವ ಪ್ಲಾಸ್ಟಿಕ್ ಹಾಳೆಯ ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಅದೇನೋ ಲೋಹದ ಉಪ್ಪು ಬಳಿದಿದ್ದಾಳೆ. ಮೈಗೆ ಅಂಟಿಸಿದರೆ ಸಾಕು, ಕೀಲು ಎಷ್ಟು ಮಡಚಿತೆಂದು ಕಂಪ್ಯೂಟರಿನಲ್ಲಿ ಗೆರೆ ಮೂಡುತ್ತದೆ. ಕೂದಲೆಳೆಯಷ್ಟೂ ತಪ್ಪುವುದಿಲ್ಲ!

ಅಲ್ಲಿದ್ದವರಲ್ಲಿ ಗಟ್ಟಿಗ ನಾನೇ ಎಂದು ಮೊಣಕಾಲು ಚಾಚಿದೆ. ಕೂತೆ, ಎದ್ದೆ, ಕುಕ್ಕರಗಾಲಿನಲ್ಲಿ ಕುಪ್ಪಳಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇವಳೊಬ್ಬಳು ಮಾತ್ರ, "ಮಾವಾ, ಅಮ್ಮ ಅಟ್ಟ ಹತ್ತು ಅಂದಾಗೆಲ್ಲ ನೀನು ಈ ಕಾಲು ಮಡಚೋಕೇ ಆಗಲ್ಲ ಅಂತಿದ್ದೆ!" ಎಂದಳು.

ಆ ಗೆರೆಯ ಚಿತ್ರ ನಿನಗೆ ಕಳಿಸುತ್ತಾಳಂತೆ. ನಂಬಬೇಡ. ತೇವ ತಾಗಿದರೆ ಆ ಉಪ್ಪು ಕೆಡುತ್ತದಂತೆ, ನನಗೋ ಆಗ ವಿಪರೀತ ಬೆವರು.

ಆರೋಗ್ಯ ಚೆನ್ನಾಗಿದೆ, ಮೊಣಕಾಲೊಂದನ್ನು ಬಿಟ್ಟು.

ಅವಸರದಲ್ಲಿ,
ನಿನ್ನ ತಮ್ಮ