ಕುಪ್ಪಸವನ್ನು ಇನ್ನೂ ಒಗೆದಿಲ್ಲ

ಮಾನ್ಯ ಪೊಲೀಸ್ ಅಧಿಕಾರಿಗಳೇ,

ಇವತ್ತು ಬೆಳಿಗ್ಗೆಯಿಂದ ನಿಮ್ಮ ಠಾಣೆಯ ಬೆಂಚಿನಿಂದ ನನ್ನನ್ನು ಎಬ್ಬಿಸಿದ್ದು ಇದು ಮೂರನೆಯ ಸಲ. ಮೊದಲು ಸಾಹೇಬರಿರಲಿಲ್ಲ, ಆಮೇಲೆ ಕರೆಂಟಿರಲಿಲ್ಲ. ಈಗ, ನನ್ನ ತಂಗಿ ನಾಗವೇಣಿಯ ಗಾಯದಿಂದ ಡಾಕ್ಟರು ಒರೆಸಿ ಕೊಟ್ಟ ಹತ್ತಿಗೆ ಬೂಷ್ಟು ಬಂದಿದೆಯಂತೆ. ಒದ್ದೆ ಹತ್ತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಜೂನ್ ತಿಂಗಳಲ್ಲಿ, ಹನ್ನೊಂದು ದಿನ ಕಿಟಕಿಯಲ್ಲಿಟ್ಟರೆ ಇನ್ನೇನು ಬರುತ್ತದೆ, ಮೊಳಕೆಯೇ?

"ಎಂತ ಮಾರಾಯ, ಹತ್ತಿ ಅಲ್ವಾ? ಬೇರೆ ಉಂಟು, ಕೊಡುವ," ಎಂದರು ನಿಮ್ಮ ಪೇದೆ.

ಕಾಪುವಿನಲ್ಲಿ ಏಳುತ್ತಿರುವ ಕಟ್ಟಡವೊಂದರಲ್ಲಿ ನಾಗವೇಣಿ ಇಟ್ಟಿಗೆ ಹೊರುತ್ತಾಳೆ. ಅಲ್ಲಿನ ಸೂಪರ್‌ವೈಸರ್ ಅವಳನ್ನು ಸಿಮೆಂಟ್ ಕೋಣೆಗೆ ಎಳೆದ. ಅವಳು ಬಾಂಡ್ಲಿಯಿಂದ ಅವನ ಮಂಡಿಗೆ ಬಾರಿಸಿ ಓಡಿದಳು. ಹಿಂದಿನಿಂದ ಜಡೆ ಹಿಡಿದು, ಕುಪ್ಪಸದ ಮೇಲಿಂದಲೇ ಹೆಗಲ ಹಿಂಭಾಗಕ್ಕೆ ಬಾಯಿ ಹಾಕಿದ. ನಾಯಿಯಾದರೂ ಕಚ್ಚಿ ಬಿಡುತ್ತದೆ. ಇವನು ರಕ್ತ ಇಳಿಯುವವರೆಗೆ ಬಿಡಲಿಲ್ಲ. ಅವಳನ್ನು ಕರೆದೊಯ್ಯಲು ಬಂದಿದ್ದ ನಾನು ಅವನ ದವಡೆಗೆ ನಾಲ್ಕು ಗುದ್ದಿದೆ. ಅವನ ತುಟಿ ಹರಿಯಿತು, ನನ್ನ ಬೆರಳು ಮುರಿಯಿತು. ನನ್ನ ಮೇಲಿನ ಕೇಸು ಒಂದೇ ಗಂಟೆಯಲ್ಲಿ ತಯಾರು! ನನ್ನ ಮುಷ್ಟಿಯ ಸಾಕ್ಷ್ಯಕ್ಕೆ ಮಾತ್ರ ಬೂಷ್ಟು ಹಿಡಿಯಲಿಲ್ಲ.

ಈಗ ಅವನು ಹೇಳುತ್ತಾನೆ, ತನ್ನ ಮೇಲೆ ಸುಳ್ಳು ಕೇಸು ಹೆಣೆಯಲು ಕಚ್ಚಿದ್ದು ಅಣ್ಣನಾದ ನಾನೇ ಎಂದು. "ಅವಳೇ ಕಚ್ಚಿಕೊಂಡಿರಲೂಬಹುದು," ಎಂದರು ನಿಮ್ಮ ಸಾಹೇಬರು. ತನ್ನ ಬೆನ್ನನ್ನು ತಾನೇ ಕಚ್ಚಿಕೊಳ್ಳುವ ಹೆಂಗಸನ್ನು ಅವರು ಯಾವ ಊರಿನಲ್ಲಿ ಕಂಡರು?

ನಾನು ಮಣಿಪಾಲದ ಒಂದು ಲ್ಯಾಬ್‌ನಲ್ಲಿ ನೆಲ ಒರೆಸುವವನು. ಚರ್ಮ ಬಾತುಕೊಂಡರೆ ಹಲ್ಲಿನ ಗುರುತು ಮೋಸ ಮಾಡುತ್ತದೆ, ಆದರೆ ಕಚ್ಚಿದವನ ಎಂಜಲಿನಲ್ಲಿ ಅವನ ಡಿಎನ್‌ಎ ಇರುತ್ತದೆ, ಅದು ಅಂಟಿದ್ದನ್ನು ಒಣಗಿಸಿ ಕಾಗದದಲ್ಲೇ ಇಡಬೇಕು ಎಂದು ಅಲ್ಲಿನ ಮೇಡಂ ಪಾಠ ಹೇಳುವಾಗ ಕೇಳಿಸಿಕೊಂಡಿದ್ದೇನೆ. ಕುಪ್ಪಸವನ್ನು ನಿಮ್ಮವರು ಕೇಳಲೇ ಇಲ್ಲ. ನಾನೇ ಫ್ಯಾನಿನಡಿ ಒಣಗಿಸಿ ಕಾಗದದ ಲಕೋಟೆಯಲ್ಲಿಟ್ಟೆ. ಅವ್ವ ರತ್ನವ್ವ ದಿನವೂ ಜಗಳ ತೆಗೆಯುತ್ತಾಳೆ:

"ಯಾರದೋ ಎಂಜಲ ಅರಬಿ ದೇವರ ಜಗಲಿ ಬಾಜೂಕ ಇಟ್ಟೀಯಲ್ಲೋ, ಮೂಳ! ತಾ ಇಲ್ಲಿ, ಒಗೀತೀನಿ."

ನಿನ್ನೆ ಅವಳು ಲಕೋಟೆ ಹರಿಯಲು ಹೋದಾಗ ನಾಗವೇಣಿ ಅಡ್ಡ ಬಂದಳು: "ಯವ್ವಾ, ಮುಟ್ಟಬ್ಯಾಡ. ಅಂವಾ ಅದರಾಗ ಅದಾನ."

ಆದ್ದರಿಂದ ನಮ್ಮ ಬೇಡಿಕೆ ಇಷ್ಟೇ. ಕುಪ್ಪಸವನ್ನು ಪಂಚರ ಮುಂದೆ ವಶಕ್ಕೆ ತೆಗೆದುಕೊಳ್ಳಿ. ಅವನ ಎಂಜಲನ್ನೂ ನನ್ನ ಎಂಜಲನ್ನೂ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಿ. ನಾನು ಬಾಯಿ ತೆರೆದೇ ಕೂತಿದ್ದೇನೆ. ಅವನು ತೆರೆಯುತ್ತಾನೆಯೇ, ಕೇಳಿ ನೋಡಿ.

ಇಂತಿ, ಮುರಿದ ಬೆರಳಿನಿಂದ ಬರೆಯಲಾಗದೆ ಸಂತೆಕಟ್ಟೆ ಎಸ್‌ಟಿಡಿ ಬೂತ್‌ನ ಎಡ್ಮಂಡ್ ಅವರ ಕೈಯಲ್ಲಿ ಬರೆಸಿದ,
ನಿಮ್ಮ ಠಾಣೆಯಲ್ಲಿ ಕೆಡದೆ ಉಳಿದ ಏಕೈಕ ಆರೋಪಿ,
ದುರ್ಗೇಶ

ಬೂತ್‌ನ ನಂಬರನ್ನು ಎಡ್ಮಂಡ್ ಈ ಕಾಗದದ ಮೇಲ್ತುದಿಯಲ್ಲಿ ಬರೆದಿದ್ದಾರೆ. ಲಕೋಟೆ ಹಿಡಿದು ನಾನೂ ನಾಗವೇಣಿಯೂ ದಿನಾ ಸಂಜೆ ಆರೂವರೆಗೆ ಬೂತ್ ಮುಂದೆ ನಿಂತಿರುತ್ತೇವೆ. ಫೋನ್ ಮಾಡಿ.